ಅದುರುವ ಸ್ನಾಯು ಮತ್ತು ನಮ್ಮ ಗ್ರಂಥಿಗಳು

(ಬಂದಳಿಕೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಬಿಡುವುದು ಈ ನೆಲದಲ್ಲಿ ಹಳೆಯ ವಾಡಿಕೆ. ಇದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠ ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಸ್ಥಾನವಾಗಿತ್ತೆಂದು 1162ರ ಶಾಸನ ಹೇಳುತ್ತದೆ. ನಾವು ಕುಳಿತಿರುವ ಬಂದಳಿಕೆ ನಾಗರಖಂಡ ಎಪ್ಪತ್ತು ಎಂಬ ನಾಡಿನ ರಾಜಧಾನಿಯಾಗಿದ್ದ ಊರು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ ಇಲ್ಲಿಯ ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥ, ಸತ್ತರಸ ನಾಗಾರ್ಜುನ ತೀರಿಕೊಂಡ ಮೇಲೆ ಅವನ ಹೆಂಡತಿ ಜಕ್ಕಿಯಬ್ಬೆ ಆ ಪದವಿಯನ್ನು ಹೊತ್ತು ನಾಡನ್ನು ಆಳಿದಳು. ಮೈಗೆ ವ್ಯಾಧಿ ಅಡರಿದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಇಲ್ಲಿಯ ಬಸದಿಯಲ್ಲಿ ಸಲ್ಲೇಖನ ಕೈಗೊಂಡು ದೇಹ ಬಿಟ್ಟಳು. 918ರ ಶಾಸನದಲ್ಲಿ ಅವಳ ಧೈರ್ಯದ ವರ್ಣನೆಯಿದೆ. ಆದರೆ ವ್ಯಾಧಿ ಯಾವುದು ಎಂಬುದಿಲ್ಲ. ಅದನ್ನು ಪತ್ತೆ ಮಾಡುವ ದಾರಿಯೂ ಅಂದು ಇರಲಿಲ್ಲ. ಇಂದು ದಾರಿಯಿದೆ. ಹಾಗಿದ್ದೂ ಎಷ್ಟೋ ಜನ ಹೆಸರು ಸಿಗದ ತೊಂದರೆಯನ್ನು ವರ್ಷಗಟ್ಟಲೆ ಹೊತ್ತು ತಿರುಗುತ್ತಾರೆ. ಅಂಥ ಒಂದು ತೊಂದರೆಯ ಬಗ್ಗೆ ಇಂದು ಮಾತನಾಡುತ್ತೇನೆ. ಅದು ಕಾರಣ ತಿಳಿಯದೆ ಸ್ನಾಯು ಅದುರುವುದು, ಮತ್ತು ಅದರ ಹಿಂದೆ ಇರಬಹುದಾದ ಹಾರ್ಮೋನಿನ ಏರುಪೇರು.

ಕಣ್ಣಿನ ರೆಪ್ಪೆ ಹಾರುತ್ತದೆ. ತೋಳಿನಲ್ಲಿ, ತೊಡೆಯಲ್ಲಿ, ಮೀನಖಂಡದಲ್ಲಿ ಚರ್ಮದ ಕೆಳಗೆ ಏನೋ ಹರಿದಾಡಿದ ಹಾಗೆ ಮಾಂಸ ಅದುರುತ್ತದೆ. ರಾತ್ರಿ ಮಲಗಿದಾಗ ಕಾಲು ಹಿಡಿದುಕೊಳ್ಳುತ್ತದೆ. ಬಾಯಿಯ ಸುತ್ತ, ಬೆರಳ ತುದಿಯಲ್ಲಿ ಜುಂ ಎನ್ನುತ್ತದೆ. ಇದನ್ನು ಹೇಳಿಕೊಂಡು ಬರುವವರಲ್ಲಿ ಮೂರು ಬಗೆಯವರನ್ನು ಕಾಣುತ್ತೇನೆ. ಮೊದಲನೆಯವರು ಶಕುನ ನೋಡುತ್ತಾರೆ: ಗಂಡಸಿಗೆ ಬಲಗಣ್ಣು, ಹೆಂಗಸಿಗೆ ಎಡಗಣ್ಣು ಅದುರಿದರೆ ಶುಭ, ಅದಲುಬದಲಾದರೆ ಕೇಡು ಎಂದು. ಎರಡನೆಯವರು ಮೊಬೈಲಿನಲ್ಲಿ ಓದಿ, ತಮಗೆ ವಾಸಿಯಾಗದ ನರರೋಗ ಬಂದಿದೆ ಎಂದು ನಿದ್ದೆಗೆಟ್ಟು ಬರುತ್ತಾರೆ. ಮೂರನೆಯವರಿಗೆ ಯಾರೋ ‘ನರ ವೀಕ್ ಆಗಿದೆ’ ಎಂದು ಹೇಳಿಬಿಟ್ಟಿರುತ್ತಾರೆ. ಅವರು ತಿಂಗಳುಗಟ್ಟಲೆ ಕೆಂಪು ಇಂಜೆಕ್ಷನ್ ಚುಚ್ಚಿಸಿಕೊಂಡು ಟಾನಿಕ್ ಕುಡಿದಿರುತ್ತಾರೆ. ಈ ಮೂವರಲ್ಲಿ ಬಹಳಷ್ಟು ಮಂದಿಯ ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ, ಥೈರಾಯ್ಡ್ ಹೇಗಿದೆ ಎಂದು ಯಾರೂ ನೋಡಿರುವುದಿಲ್ಲ. ನನ್ನ ಇಂದಿನ ಮಾತಿನ ತಿರುಳು ಇಷ್ಟೇ. ‘ನರ ವೀಕ್’ ಎಂಬುದು ರೋಗದ ಹೆಸರಲ್ಲ. ಆ ಮಾತನ್ನು ಒಪ್ಪಿಕೊಳ್ಳುವ ಮೊದಲು ಕೆಲವು ಸರಳ ರಕ್ತಪರೀಕ್ಷೆಗಳು ನಡೆಯಲೇಬೇಕು.

ಸ್ನಾಯು ಯಾಕೆ ಅದುರುತ್ತದೆ?

ಬೆನ್ನುಹುರಿಯಿಂದ ಹೊರಟ ಒಂದು ನರತಂತು ಸ್ನಾಯುವಿನೊಳಗೆ ಕವಲೊಡೆದು ಹಲವು ಎಳೆಗಳನ್ನು ಒಟ್ಟಿಗೆ ಆಳುತ್ತದೆ. ನಾವು ಕೈ ಎತ್ತಬೇಕೆಂದಾಗ ಮೆದುಳಿನ ಅಪ್ಪಣೆ ಈ ತಂತುಗಳ ಮೂಲಕ ಬರುತ್ತದೆ. ಅಪ್ಪಣೆಯಿಲ್ಲದೆ ಒಂದು ತಂತು ತಾನಾಗಿ ಮಿಡಿದರೆ ಅದರ ಕೈಕೆಳಗಿನ ಎಳೆಗಳಷ್ಟೇ ಒಮ್ಮೆ ಕುಗ್ಗಿ ಸಡಿಲಾಗುತ್ತವೆ. ಅದೇ ನಮಗೆ ಕಾಣುವ ಅದುರು.

ತಂತು ತಾನಾಗಿ ಮಿಡಿಯದ ಹಾಗೆ ತಡೆಯುವುದರಲ್ಲಿ ಕ್ಯಾಲ್ಸಿಯಂ ಪಾಲು ದೊಡ್ಡದು. ನರದ ಪೊರೆಯಲ್ಲಿ ಸೋಡಿಯಂ ಒಳನುಗ್ಗುವ ಬಾಗಿಲುಗಳಿವೆ. ನಮ್ಮ ಕಡೆ ತೋಟದ ಬಾಯಿಗೆ ದಣಪೆ ಹಾಕಿ ದನ ನುಗ್ಗದಂತೆ ಕಾಯುವ ಹಾಗೆ, ಹೊರಗಿನ ದ್ರವದಲ್ಲಿರುವ ಕ್ಯಾಲ್ಸಿಯಂ ಆ ಬಾಗಿಲುಗಳನ್ನು ಕಾಯುತ್ತದೆ. ಕ್ಯಾಲ್ಸಿಯಂ ಇಳಿದರೆ ಬಾಗಿಲು ಸಣ್ಣ ನೆಪಕ್ಕೂ ತೆರೆಯುತ್ತದೆ, ನರ ಸುಮ್ಮಸುಮ್ಮನೆ ಮಿಡಿಯುತ್ತದೆ. ಮೆಗ್ನೀಸಿಯಂ ಕೂಡ ನರವನ್ನು ಶಾಂತವಾಗಿ ಇಡುತ್ತದೆ. ಪೊಟಾಸಿಯಂ ಹೆಚ್ಚಾದರೂ ಕಡಿಮೆಯಾದರೂ ಸ್ನಾಯುವಿನ ಬಲ ಕುಂದುತ್ತದೆ. ಈ ಮೂರು ಲವಣಗಳ ಮಟ್ಟ ಹಾರ್ಮೋನುಗಳ ಹಿಡಿತದಲ್ಲಿದೆ. ಹಾಗಾಗಿ ಗ್ರಂಥಿಯಲ್ಲಿ ಹುಟ್ಟಿದ ತೊಂದರೆ ಎಷ್ಟೋ ಸಲ ಮೊದಲು ಸ್ನಾಯುವಿನಲ್ಲಿ ಕಾಣಿಸಿಕೊಳ್ಳುತ್ತದೆ.

ಇಲ್ಲೇ ಒಂದು ಧೈರ್ಯದ ಮಾತು ಹೇಳಬೇಕು. ಆರೋಗ್ಯವಂತರಲ್ಲೂ ಸ್ನಾಯು ಅದುರುತ್ತದೆ. ನಿದ್ದೆ ಕೆಟ್ಟಾಗ, ಗದ್ದೆ ನೆಟ್ಟಿಯಲ್ಲಿ ಅತಿಯಾಗಿ ದುಡಿದಾಗ, ಕಾಫಿ–ಚಹಾ ಹೆಚ್ಚಾದಾಗ, ಮನಸ್ಸು ಕಳವಳಗೊಂಡಾಗ ಅದುರು ಬರುತ್ತದೆ, ಹೋಗುತ್ತದೆ. ಮೇಲಿಂದ ಮೇಲೆ ಕವಳ ಹಾಕುವವರು ಅಡಿಕೆಯಲ್ಲಿರುವ ಅರೆಕೋಲಿನ್ ನರಗಳನ್ನು ಪ್ರಚೋದಿಸುವ ವಸ್ತು ಎಂಬುದನ್ನು ತಿಳಿದಿರಬೇಕು. ಹೆದರಿಕೆಯೇ ಅದುರನ್ನು ಬೆಳೆಸುವುದೂ ಉಂಟು. ಹೆದರಿದಾಗ ಅಡ್ರಿನಲಿನ್ ಏರುತ್ತದೆ, ಉಸಿರು ಬಿರುಸಾಗುತ್ತದೆ. ಬಿರುಸಾದ ಉಸಿರಿನಿಂದ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು, ಕೆಲಸಕ್ಕೆ ಬರುವ ಕ್ಯಾಲ್ಸಿಯಂ ಆ ಹೊತ್ತಿಗೆ ಕಡಿಮೆಯಾಗುತ್ತದೆ. ಬೆರಳು ಜುಂ ಎಂದು ಸೆಟೆಯುತ್ತವೆ. ಅದನ್ನು ಕಂಡು ಭಯ ಇನ್ನೂ ಹೆಚ್ಚುತ್ತದೆ. ಆಗ ಉಸಿರನ್ನು ನಿಧಾನ ಮಾಡಿಸಿ, ಪಕ್ಕದಲ್ಲಿ ಕುಳಿತು ಸಮಾಧಾನ ಹೇಳುವುದೇ ಮೊದಲ ಚಿಕಿತ್ಸೆ.

ಹಟ್ಟಿಯಲ್ಲಿ ನೀವು ಕಂಡಿರುವ ಪಾಠ

ಹಾಲು ಹೆಚ್ಚು ಕೊಡುವ ಹಸು ಕರು ಹಾಕಿದ ಒಂದೆರಡು ದಿನದಲ್ಲಿ ಮೈ ನಡುಗಿಸುತ್ತದೆ, ಮಾಂಸ ಅದುರುತ್ತದೆ, ಕಾಲು ತೊಡರುತ್ತದೆ, ಕೊನೆಗೆ ಕತ್ತನ್ನು ಪಕ್ಕೆಗೆ ಹೊರಳಿಸಿ ಮಲಗಿಬಿಡುತ್ತದೆ. ಹಾಲುಜ್ವರ ಎನ್ನುತ್ತೇವೆ, ಆದರೆ ಮುಟ್ಟಿ ನೋಡಿದರೆ ಕಿವಿ ತಣ್ಣಗಿರುತ್ತದೆ. ಪಶುವೈದ್ಯರು ಬಂದು ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸುತ್ತಾರೆ. ಬಾಟಲಿ ಮುಗಿಯುವುದರೊಳಗೆ ಎಷ್ಟೋ ಹಸುಗಳು ಎದ್ದು ನಿಲ್ಲುವುದನ್ನು ಇಲ್ಲಿ ಕುಳಿತ ರೈತರು ಕಣ್ಣಾರೆ ಕಂಡಿದ್ದೀರಿ.

ಅಲ್ಲಿ ನಡೆದದ್ದು ಇದು. ಹಾಲು ತುಂಬಲು ಕೆಚ್ಚಲು ರಕ್ತದಿಂದ ಒಮ್ಮೆಲೇ ಬಹಳ ಕ್ಯಾಲ್ಸಿಯಂ ಎಳೆದುಕೊಂಡಿತು. ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ರಕ್ತಕ್ಕೆ ಸೇರಿಸಬೇಕಾದ ಪ್ಯಾರಾಥೈರಾಯ್ಡ್ ಹಾರ್ಮೋನಿನ ವ್ಯವಸ್ಥೆ ಆ ವೇಗಕ್ಕೆ ಹೊಂದಿಕೊಳ್ಳಲಿಲ್ಲ. ಆ ಹಾರ್ಮೋನು ನಮ್ಮಲ್ಲೂ ಇದೆ, ಕೆಲಸವೂ ಅದೇ. ನಮ್ಮ ಮೈಯ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಮೂಳೆ, ಹಲ್ಲುಗಳಲ್ಲಿದೆ. ರಕ್ತದಲ್ಲಿರುವುದು ಅತ್ಯಲ್ಪ, ಆದರೆ ಅದರ ಮಟ್ಟ ನೂರು ಮಿಲಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂನ ಗಡಿ ದಾಟುವಂತಿಲ್ಲ. ಆ ಗಡಿಯನ್ನು ಕಾಯುವುದು ಗಂಟಲಿನಲ್ಲಿ, ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡಿರುವ ತೊಗರಿಕಾಳಿನಷ್ಟು ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು.

ಈ ಗ್ರಂಥಿಗಳು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದರಲ್ಲಿ ನಮ್ಮ ದೇಶದ ಒಂದು ಪ್ರಾಣಿಯ ಪಾತ್ರವಿದೆ. 1849ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವನ್ನು ಸೀಳಿ ನೋಡಿದ ರಿಚರ್ಡ್ ಓವನ್ ಅದರ ಕೊರಳಿನಲ್ಲಿ ಇಂಥ ಗ್ರಂಥಿಯನ್ನು ಗುರುತಿಸಿದ. ಮನುಷ್ಯರಲ್ಲಿ ಇವು ಇರುವುದನ್ನು ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರಾಮ್ 1880ರಲ್ಲಿ ವಿವರಿಸಿದ. ಇವುಗಳ ಕೆಲಸ ಮಾತ್ರ ಯಾರಿಗೂ ತಿಳಿದಿರಲಿಲ್ಲ. ಅದೇ ಕಾಲದಲ್ಲಿ ಯುರೋಪಿನ ಶಸ್ತ್ರವೈದ್ಯರು ಗಳಗಂಡಕ್ಕೆಂದು ಥೈರಾಯ್ಡನ್ನು ಪೂರ್ತಿ ತೆಗೆದಾಗ ಕೆಲವು ರೋಗಿಗಳ ಕೈಕಾಲು ಸೆಟೆದು ಅದುರುತ್ತಿದ್ದವು. ಕೆಲವರು ಸತ್ತೇ ಹೋದರು. 1909ರಲ್ಲಿ ಅಮೆರಿಕದ ಮ್ಯಾಕಲಮ್ ಮತ್ತು ವೋಗ್ಟ್‌ಲಿನ್, ಈ ಪುಟ್ಟ ಗ್ರಂಥಿಗಳು ಹೋದರೆ ಕ್ಯಾಲ್ಸಿಯಂ ಇಳಿಯುತ್ತದೆ, ಕ್ಯಾಲ್ಸಿಯಂ ಕೊಟ್ಟರೆ ಸೆಟೆತ ನಿಲ್ಲುತ್ತದೆ ಎಂದು ತೋರಿಸಿದರು.

ಇಂದಿಗೂ ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರ ಕ್ಯಾಲ್ಸಿಯಂ ಇಳಿಯುವುದು ಅಪರೂಪವಲ್ಲ. ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಜೀವಮಾನವಿಡೀ ಮಾತ್ರೆ ಬೇಕಾಗುತ್ತದೆ. ಹಾಗಾಗಿ ಕೊರಳಿನಲ್ಲಿ ಗಾಯದ ಗುರುತು ಇರುವವರು ಮೈ ಅದುರುತ್ತದೆ ಎಂದರೆ ಮೊದಲು ಕ್ಯಾಲ್ಸಿಯಂ ನೋಡಿಸಬೇಕು. ಶಸ್ತ್ರಚಿಕಿತ್ಸೆ ಆಗದವರಲ್ಲೂ ಈ ಗ್ರಂಥಿ ಸೊರಗಬಹುದು. ಅಂಥವರ ಅದುರು, ಸೆಟೆತಗಳು ಮುಂದುವರಿದು ಫಿಟ್ಸ್ ಬಂದು, ಮೂರ್ಛೆರೋಗವೆಂದು ವರ್ಷಗಟ್ಟಲೆ ಮಾತ್ರೆ ನುಂಗುವವರಿದ್ದಾರೆ. ಮೂರ್ಛೆಯ ಕೆಲವು ಹಳೆಯ ಮಾತ್ರೆಗಳು ವಿಟಮಿನ್ ಡಿಯನ್ನು ಬೇಗ ಕರಗಿಸಿ ಕ್ಯಾಲ್ಸಿಯಂ ಇನ್ನಷ್ಟು ಇಳಿಸುತ್ತವೆ. ಚಿಕ್ಕ ವಯಸ್ಸಿಗೇ ಕಣ್ಣಿನ ಪೊರೆ ಬರುವುದು ಈ ಕೊರತೆಯ ಇನ್ನೊಂದು ಸುಳಿವು.

ವೈದ್ಯರ ಬಳಿ ಇದಕ್ಕೊಂದು ಸುಲಭದ ಪರೀಕ್ಷೆಯಿದೆ. ತೋಳಿಗೆ ಬಿಪಿ ಪಟ್ಟಿ ಸುತ್ತಿ, ಒತ್ತಡವನ್ನು ಮೇಲಿನ ಅಂಕಿಗಿಂತ ಏರಿಸಿ ಮೂರು ನಿಮಿಷ ಬಿಟ್ಟರೆ ಕ್ಯಾಲ್ಸಿಯಂ ಇಳಿದವರ ಹೆಬ್ಬೆರಳು ಅಂಗೈಯೊಳಗೆ ಮಡಚಿ, ಉಳಿದ ಬೆರಳುಗಳು ನೇರವಾಗಿ ಸೇರಿಕೊಂಡು ಮಣಿಕಟ್ಟು ಬಾಗುತ್ತದೆ. ಫ್ರಾನ್ಸಿನ ಟ್ರೂಸೊ ಹತ್ತೊಂಬತ್ತನೇ ಶತಮಾನದಲ್ಲೇ ಹೇಳಿಕೊಟ್ಟ ಗುರುತು ಇದು. ಎಷ್ಟೇ ಚಿಕ್ಕ ಆರೋಗ್ಯ ಕೇಂದ್ರದಲ್ಲೂ ಮಾಡಬಹುದು.

ವಿಟಮಿನ್ ಡಿ, ಊಟ ಮತ್ತು ಗ್ಯಾಸ್ ಮಾತ್ರೆ

ವಿಟಮಿನ್ ಡಿ ನಿಜವಾಗಿ ಹಾರ್ಮೋನಿನ ಸಾಲಿಗೇ ಸೇರುತ್ತದೆ. ಬಿಸಿಲು ಬಿದ್ದ ಚರ್ಮದಲ್ಲಿ ಹುಟ್ಟಿ, ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಮಾರ್ಪಟ್ಟು, ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವಂತೆ ಮಾಡುತ್ತದೆ. ಇದರ ಕೊರತೆಯಿದ್ದರೆ ಮೂಳೆ ನೋವು, ಕೂತಲ್ಲಿಂದ ಏಳಲು ಕಷ್ಟ, ಕಾಲು ಸೆಳೆತ, ಅದುರು ಕಾಣಬಹುದು. ಮಲೆನಾಡಿನ ಅಂಚಿನ ನಮ್ಮ ಊಟದಲ್ಲಿ ಪಾಲಿಶ್ ಅಕ್ಕಿಯದೇ ಕಾರುಬಾರು. ಅಕ್ಕಿಯಲ್ಲಿ ಕ್ಯಾಲ್ಸಿಯಂ ಅತಿ ಕಡಿಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದೆ. ಒಂದು ಹೊತ್ತು ರಾಗಿ, ಒಂದು ಲೋಟ ಹಾಲು ಅಥವಾ ಮಜ್ಜಿಗೆ, ನುಗ್ಗೆಸೊಪ್ಪು, ಎಳ್ಳು ಇವು ನಮ್ಮ ಕೈಗೆಟಕುವ ದಾರಿಗಳು.

ಬಸುರಿಯರಿಗೆ ಹದಿನಾಲ್ಕನೇ ವಾರದಿಂದ ಹೆರಿಗೆಯಾದ ಆರು ತಿಂಗಳವರೆಗೆ ದಿನಕ್ಕೆ ಒಂದು ಗ್ರಾಂ ಕ್ಯಾಲ್ಸಿಯಂ ಕೊಡಬೇಕೆಂದು ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿಯಿದೆ. ಆಶಾ ಅಕ್ಕಂದಿರು ತಂದುಕೊಡುವ ಆ ಮಾತ್ರೆಯನ್ನು ನುಂಗದೆ ಡಬ್ಬಿಯಲ್ಲಿ ಇಡಬೇಡಿ. ಕಬ್ಬಿಣದ ಮಾತ್ರೆಯ ಜೊತೆ ಒಟ್ಟಿಗೆ ನುಂಗಲೂಬೇಡಿ. ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆಯ ಅಂತರ ಬೇಕು.

ಇನ್ನು ಮೆಗ್ನೀಸಿಯಂ. ಇದು ಕಡಿಮೆಯಾದರೆ ಪ್ಯಾರಾಥೈರಾಯ್ಡ್ ಗ್ರಂಥಿ ಹಾರ್ಮೋನನ್ನು ಸರಿಯಾಗಿ ಬಿಡುವುದಿಲ್ಲ, ಬಿಟ್ಟದ್ದೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಮಟ್ಟ ಏರುವುದಿಲ್ಲ. ಹೆಚ್ಚು ಕುಡಿಯುವವರಲ್ಲಿ, ಬಹಳ ದಿನ ಭೇದಿಯಾದವರಲ್ಲಿ, ನೀರಿನ ಮಾತ್ರೆ ತಿನ್ನುವವರಲ್ಲಿ ಮೆಗ್ನೀಸಿಯಂ ಇಳಿಯುತ್ತದೆ. ಇನ್ನೊಂದು ಕಾರಣ ನಮ್ಮ ಮನೆ ಮನೆಯಲ್ಲಿದೆ. ಗ್ಯಾಸ್ ಮಾತ್ರೆ ಎಂದು ಬೆಳಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಳ್ಳುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಗುಂಪಿನ ಔಷಧಗಳು ದೀರ್ಘಕಾಲ ಬಳಸಿದರೆ ಮೆಗ್ನೀಸಿಯಂ ಇಳಿಸಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ವೈದ್ಯರು ಒಂದು ತಿಂಗಳಿಗೆ ಬರೆದ ಚೀಟಿಯನ್ನು ಮೂರು ವರ್ಷ ಔಷಧ ಅಂಗಡಿಗೆ ತೋರಿಸುತ್ತಿರುವವರು ಇದನ್ನು ಗಂಭೀರವಾಗಿ ಯೋಚಿಸಬೇಕು.

ಥೈರಾಯ್ಡ್ ಮತ್ತು ಅಡ್ರಿನಲ್

ಥೈರಾಯ್ಡ್ ಹೆಚ್ಚಾದರೆ ಚಾಚಿದ ಬೆರಳು ಸಣ್ಣಗೆ ನಡುಗುತ್ತವೆ, ರೆಪ್ಪೆ ಅದುರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಚೆನ್ನಾಗಿ ಉಂಡರೂ ಮೈ ಇಳಿಯುತ್ತದೆ, ಚಳಿಗಾಲದಲ್ಲೂ ಬೆವರು ಬರುತ್ತದೆ, ತೊಡೆ–ಭುಜದ ಬಲ ಕುಗ್ಗುತ್ತದೆ. ಕೆಲವರಲ್ಲಿ ಪೊಟಾಸಿಯಂ ಒಮ್ಮೆಲೇ ಜೀವಕೋಶದೊಳಗೆ ಸರಿದು, ಮಲಗಿದವರು ಬೆಳಗ್ಗೆ ಕಾಲೆತ್ತಲಾರದೆ ಬೀಳುತ್ತಾರೆ. ಇದನ್ನು ಲಕ್ವ ಎಂದು ತಿಳಿಯುವುದುಂಟು. ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಅದೇ ಕಾಲು ಮತ್ತೆ ನಡೆಯುತ್ತದೆ. ಥೈರಾಯ್ಡ್ ಕಡಿಮೆಯಾದರೆ ಚಿತ್ರ ಬೇರೆ: ಸೆಳೆತ, ಬಿಗಿತ, ನಿಧಾನಗತಿ, ಮಲಬದ್ಧತೆ, ಒರಟು ದನಿ, ಚಳಿ ತಡೆಯಲಾರದಿರುವುದು. ಕಡಿಮೆಯೆಂದು ಮಾತ್ರೆ ತಿನ್ನುವವರು ಪರೀಕ್ಷೆ ಮಾಡಿಸದೆ ವರ್ಷಗಟ್ಟಲೆ ಅದೇ ಪ್ರಮಾಣ ಮುಂದುವರಿಸಿದರೆ ಮಾತ್ರೆಯೇ ಹೆಚ್ಚಾಗಿ ಕೈ ನಡುಗಬಹುದು. ಟಿಎಸ್‌ಎಚ್ ಎಂಬ ಒಂದು ಪರೀಕ್ಷೆ ಬಹುಪಾಲು ಸಂಶಯಗಳನ್ನು ಬಗೆಹರಿಸುತ್ತದೆ. ಅಡುಗೆಗೆ ಅಯೋಡಿನ್ ಸೇರಿಸಿದ ಉಪ್ಪು ಬಳಸುವುದನ್ನು ಬಿಡಬಾರದು. ಅಯೋಡಿನ್ ಕೊರತೆಯಿಂದ ಬರುವ ಗಳಗಂಡದ ವಿರುದ್ಧ ನಮ್ಮ ದೇಶ 1962ರಲ್ಲೇ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು.

ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟಿರೋನ್ ಹೆಚ್ಚು ಬಂದರೆ ರಕ್ತದೊತ್ತಡ ಏರುತ್ತದೆ, ಪೊಟಾಸಿಯಂ ಇಳಿಯುತ್ತದೆ. ಅಮೆರಿಕದ ಜೆರೋಮ್ ಕಾನ್ 1955ರಲ್ಲಿ ಈ ರೋಗವನ್ನು ಮೊದಲು ವರದಿ ಮಾಡಿದರು. ಅವರ ಮೊದಲ ರೋಗಿಯಾದ 34 ವರ್ಷದ ಮಹಿಳೆ ಏಳು ವರ್ಷ ಸ್ನಾಯು ಸೆಳೆತ, ಸೆಟೆತ, ಬಲಹೀನತೆಗಳಿಂದ ನರಳಿದ್ದರು. ಅವರ ತೊಂದರೆಯ ಮೂಲ ಅಡ್ರಿನಲ್‌ನಲ್ಲಿದ್ದ ಒಂದು ಗಡ್ಡೆ. ಬಿಪಿಯ ಜೊತೆ ಸ್ನಾಯು ಸೋಲು, ಸೆಳೆತ ಇದ್ದವರು ಪೊಟಾಸಿಯಂ ನೋಡಿಸಬೇಕು. ಮೊಣಕಾಲು ನೋವಿಗೆ, ದಮ್ಮಿಗೆ ಹೆಸರಿಲ್ಲದ ಪುಡಿ, ಗುಳಿಗೆ ತಿನ್ನುವವರು ಇನ್ನೊಂದು ವಿಷಯ ತಿಳಿಯಬೇಕು: ಅವುಗಳಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಅಡ್ರಿನಲ್ ಗ್ರಂಥಿ ಕ್ರಮೇಣ ಕೆಲಸ ನಿಲ್ಲಿಸುತ್ತದೆ. ಆಮೇಲೆ ಆ ಪುಡಿಯನ್ನು ತಟ್ಟನೆ ಬಿಟ್ಟರೂ ಅಪಾಯ. ವೈದ್ಯರ ಕಣ್ಗಾವಲಿನಲ್ಲೇ ಇಳಿಸಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಮ್ಮೆಲೇ ನಡುಕ, ಬೆವರು ಬಂದರೆ ಅದು ಸಕ್ಕರೆ ಇಳಿದ ಗುರುತಿರಬಹುದು; ಮೊದಲು ಸಕ್ಕರೆ ಬಾಯಿಗೆ ಹಾಕಿ, ಆಮೇಲೆ ಉಳಿದ ಮಾತು.

ಹಾರ್ಮೋನಿಗೆ ಸೇರದ ಎರಡು ಕಾರಣ

ಈ ಸೀಮೆಯಲ್ಲಿ ನಿಂತು ಎರಡು ಬೇರೆ ಕಾರಣಗಳನ್ನು ಹೇಳದೆ ಬಿಡುವಂತಿಲ್ಲ. ಒಂದು ಕೀಟನಾಶಕ. ಕ್ಲೋರ್‌ಪೈರಿಫಾಸ್, ಮಾನೋಕ್ರೋಟೋಫಾಸ್‌ನಂಥ ಔಷಧಿ ಹೊಡೆದ ಮೇಲೆ ಜೊಲ್ಲು, ಬೆವರು, ಹೊಟ್ಟೆ ನುಲಿತ, ಕಣ್ಣು ಮಂಜು, ಮೈಯೆಲ್ಲ ಮಾಂಸ ಅದುರುವುದು ಕಂಡರೆ ಅದು ವಿಷ ಏರಿದ ಗುರುತು. ಬಟ್ಟೆ ಕಳಚಿ, ಮೈ ಸೋಪು ಹಾಕಿ ತೊಳೆದು, ಔಷಧಿಯ ಬಾಟಲಿಯನ್ನೂ ಹಿಡಿದುಕೊಂಡು ಆಗಲೇ ಆಸ್ಪತ್ರೆಗೆ ಓಡಬೇಕು. ಇನ್ನೊಂದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೆ ಜ್ವರ ಹಬ್ಬಿದಾಗ ಅದು ಏನೆಂದು ಯಾರಿಗೂ ತಿಳಿದಿರಲಿಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದೇ ವರ್ಷ ವೈರಸ್ಸನ್ನು ಬೇರ್ಪಡಿಸಿದರು. ಅದನ್ನು ಹರಡುವುದು ಉಣುಗು ಎಂಬುದೂ ಗೊತ್ತಾಯಿತು. ತೀವ್ರ ಜ್ವರ, ಮೈಕೈ ನೋವು ಇದರ ಲಕ್ಷಣ. ಕೆಲವರಲ್ಲಿ ಜ್ವರ ಮರುಕಳಿಸಿದಾಗ ನಡುಕವೂ ಇರುತ್ತದೆ. ಕಾಡಿಗೆ ಹೋಗಿ ಬಂದವರಿಗೆ ಜ್ವರದ ಜೊತೆ ಮೈ ನಡುಗಿದರೆ ತಡ ಮಾಡಬಾರದು.

ಆ ದೊಡ್ಡ ಭಯ

ಮೊಬೈಲಿನಲ್ಲಿ ಓದಿದವರು ಹೆದರುವ ವಾಸಿಯಾಗದ ನರರೋಗವಾದ ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಸ್ನಾಯು ಅದುರುವುದು ನಿಜ. ಆದರೆ ಅಲ್ಲಿ ಅದುರಿನ ಜೊತೆ ಬಲ ಕುಂದುತ್ತದೆ, ಮಾಂಸ ಕರಗುತ್ತದೆ. ಬೀಗದ ಕೈ ತಿರುಗಿಸಲು, ಮೆಟ್ಟಿಲು ಹತ್ತಲು, ನುಂಗಲು ಕಷ್ಟವಾಗುತ್ತದೆ. ಬಲ ಕುಂದದೆ ಬರೀ ಅದುರು ಇದ್ದ 121 ಜನರನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನವರು ವರ್ಷಗಟ್ಟಲೆ, ಕೆಲವರನ್ನು ಮೂರು ದಶಕದವರೆಗೂ ಗಮನಿಸಿ 1993ರಲ್ಲಿ ಪ್ರಕಟಿಸಿದ ವರದಿಯಂತೆ, ಅವರಲ್ಲಿ ಒಬ್ಬರಿಗೂ ಆ ಕಾಯಿಲೆ ಬರಲಿಲ್ಲ. ಮಾಂಸ ಕರಗಿದ ಮಾತ್ರಕ್ಕೆ ಎಲ್ಲ ಮುಗಿಯಿತೆಂದೂ ಅಲ್ಲ. ಯುವಕರಲ್ಲಿ ಒಂದೇ ಕೈಯೋ ಕಾಲೋ ಸೊರಗಿ, ಕೆಲವು ವರ್ಷಗಳ ನಂತರ ಅಲ್ಲಿಗೇ ನಿಲ್ಲುವ ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿದೇವಿ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ ವಿವರಿಸಿದರು. ಯಾವುದು ಯಾವುದೆಂದು ಹೇಳಬೇಕಾದವರು ನರರೋಗ ತಜ್ಞರು.

ನೀವು ಮಾಡಬೇಕಾದ್ದು

ಅದುರು ಎರಡು ಮೂರು ವಾರ ಬಿಡದೆ ಇದ್ದರೆ, ಅಥವಾ ಅದರ ಜೊತೆ ಜುಂ ಎನ್ನುವುದು, ಸೆಟೆತ, ತೂಕದ ಏರಿಳಿತ, ಎದೆಬಡಿತ ಇದ್ದರೆ ವೈದ್ಯರ ಬಳಿ ಹೋಗಿ. ತಿನ್ನುತ್ತಿರುವ ಎಲ್ಲ ಮಾತ್ರೆ, ಪುಡಿ, ಕಷಾಯಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಸಂಕೋಚವಿಲ್ಲದೆ ಕೇಳಿ: ನನ್ನ ಕ್ಯಾಲ್ಸಿಯಂ, ಆಲ್ಬುಮಿನ್, ಮೆಗ್ನೀಸಿಯಂ, ಪೊಟಾಸಿಯಂ, ಟಿಎಸ್‌ಎಚ್, ಸಕ್ಕರೆ, ಕ್ರಿಯಾಟಿನಿನ್ ನೋಡಬಹುದೇ? ಕ್ಯಾಲ್ಸಿಯಂ ಅಂಕಿಯನ್ನು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ಅಂಕಿಯ ಜೊತೆಗಿಟ್ಟು ಓದಿದರೇ ಅರ್ಥ ಸಿಗುವುದು. ಅದು ಏರುಪೇರಾಗಿದ್ದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಮತ್ತು ವಿಟಮಿನ್ ಡಿ ಪರೀಕ್ಷೆ ಮುಂದಿನ ಹೆಜ್ಜೆ. ಪರೀಕ್ಷೆ ಮಾಡಿಸದೆ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನು ಮನಸ್ಸಿಗೆ ಬಂದಷ್ಟು ನುಂಗಬೇಡಿ; ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು. ಉಸಿರು ಕಟ್ಟಿದರೆ, ಫಿಟ್ಸ್ ಬಂದರೆ, ನುಂಗಲಾಗದಿದ್ದರೆ, ಕೈಕಾಲು ಸೋತರೆ ಬೆಳಗಾಗುವವರೆಗೆ ಕಾಯಬೇಡಿ.

ಆಡಳಿತದಲ್ಲಿರುವವರಿಗೆ ನನ್ನದೊಂದು ಬೇಡಿಕೆಯಿದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಟಿಎಸ್‌ಎಚ್ ಈ ಮೂರು ಪರೀಕ್ಷೆಗಳು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷವಿಡೀ ಸಿಗಬೇಕು. ಬಡವರು ಇವುಗಳಿಗಾಗಿ ಶಿವಮೊಗ್ಗಕ್ಕೆ ಬಸ್ಸು ಹತ್ತುವಂತಾಗಬಾರದು. ನನ್ನ ವೃತ್ತಿಯವರಿಗೂ ಒಂದು ಮಾತು: ರೋಗಿ ಮೈ ಅದುರುತ್ತದೆ ಎಂದಾಗ ಕೊರಳು ನೋಡಿ, ಕೈ ಚಾಚಿಸಿ, ಬಿಪಿ ಪಟ್ಟಿಯನ್ನು ಮೂರು ನಿಮಿಷ ಬಿಗಿಯಿರಿ. ಇಲ್ಲಿ ಸೇರಿರುವ ನೀವೆಲ್ಲ, ಮನೆಯಲ್ಲಿ ಯಾರಾದರೂ ಈ ತೊಂದರೆ ಹೇಳಿಕೊಂಡರೆ ಶಕುನವನ್ನೂ ಭಯವನ್ನೂ ಬದಿಗಿಟ್ಟು ಅವರನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿ. ಕಾರಣ ಗ್ರಂಥಿಯಲ್ಲಿದ್ದರೆ ಅದಕ್ಕೆ ಔಷಧವಿದೆ, ಮತ್ತು ಅದು ಬಹುಪಾಲು ಅಗ್ಗದ ಔಷಧ.